ಫುಟ್‌ಬಾಲ್ ಕಣ್ಣಿಗೆ ಹಾಕಿ ಆಟ: ಏಷ್ಯನ್ ಗೇಮ್ಸ್ ಪಂದ್ಯ ನೋಡುವುದು ಹೇಗೆ?

ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ಮಂಜೇಶ್ವರದಿಂದ ಚೆರ್ಕಳದವರೆಗೆ ರಸ್ತೆ ಬದಿಯಲ್ಲೆಲ್ಲ ಅರ್ಜೆಂಟೀನಾ, ಬ್ರೆಜಿಲ್ ಫ್ಲೆಕ್ಸುಗಳು. ಕಬಡ್ಡಿ ಅಂದರೂ ಕ್ಲಬ್ಬುಗಳಿಗೆ ನಿದ್ದೆ ಇಲ್ಲ. ಹಾಕಿ ಮಾತ್ರ ನಮ್ಮ ಕಾಸರಗೋಡಿನವರಿಗೆ ಟಿವಿಯಲ್ಲಿ ನೋಡುವ ಆಟ. ಅದೂ ಭಾರತ ಸೆಮಿಫೈನಲ್ ತಲುಪಿದ ಮೇಲೆ. ಆಗ ಕೂತರೆ ಚೆಂಡು ಕಣ್ಣಿಗೆ ಸಿಗುವುದಿಲ್ಲ, ವಿಸಿಲ್ ಯಾಕೆ ಊದಿದರು ಅಂತ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಚಾನೆಲ್ ಬದಲು.

ಜಪಾನಿನ ಐಚಿ-ನಗೋಯಾ ಏಷ್ಯನ್ ಗೇಮ್ಸ್‌ಗೆ ನಿಗದಿಯಾದ ದಿನ 2026ರ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4. ಅದಕ್ಕೆ ಮೊದಲು ಒಂದಿಷ್ಟು ತಯಾರಿ ಮಾಡಿಕೊಂಡರೆ ಹಾಕಿಯನ್ನು ಪೂರ್ತಿ ಸವಿಯಬಹುದು. ಫುಟ್‌ಬಾಲ್ ಬಲ್ಲವರಿಗೆ ಇದು ಕಷ್ಟವೇ ಅಲ್ಲ. ಬಿಡಬೇಕಾದ ಅಭ್ಯಾಸ ಒಂದೇ: ಚೆಂಡಿನ ಹಿಂದೆಯೇ ಕಣ್ಣು ಓಡಿಸುವುದು.

ಮೊದಲು ಗಡಿಯಾರ, ಆಮೇಲೆ ಗುಂಪಿನ ಪಟ್ಟಿ

ಜಪಾನಿನ ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 6ಕ್ಕೆ ಶುರುವಾಗುವ ಪಂದ್ಯ ನಮಗೆ ಮಧ್ಯಾಹ್ನ 2:30ಕ್ಕೆ. ಮಕ್ಕಳು ಶಾಲೆಯಲ್ಲಿರುವ ಹೊತ್ತು, ದೊಡ್ಡವರಿಗೆ ಊಟದ ನಂತರದ ನಿದ್ದೆಯ ಹೊತ್ತು. ವೇಳಾಪಟ್ಟಿ ನೋಡುವಾಗ ಇದನ್ನು ಲೆಕ್ಕ ಹಾಕಿಕೊಳ್ಳಿ.

ಮುಂದಿನದು ಗುಂಪುಗಳ ಪಟ್ಟಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ 12 ತಂಡಗಳು ಎರಡು ಗುಂಪುಗಳಲ್ಲಿ ಆಡಿದವು. ಪ್ರತಿ ಗುಂಪಿನಿಂದ ಎರಡೇ ತಂಡಗಳಿಗೆ ಸೆಮಿಫೈನಲ್. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ 12 ತಂಡಗಳೇ, ಆದರೆ ಪ್ರತಿ ಗುಂಪಿನಿಂದ ನಾಲ್ಕು ತಂಡಗಳು ಕ್ವಾರ್ಟರ್‌ಫೈನಲ್‌ಗೆ ಹೋದವು. ಅಂದರೆ ಒಲಿಂಪಿಕ್ಸ್‌ನಲ್ಲಿ ಎಡವಿದರೂ ಏಳಲು ಜಾಗ ಇತ್ತು, ಏಷ್ಯನ್ ಗೇಮ್ಸ್‌ನಲ್ಲಿ ಅಷ್ಟು ಇರಲಿಲ್ಲ. ಗೆಲುವಿಗೆ 3 ಅಂಕ, ಡ್ರಾಗೆ 1.

ಗುಂಪಿನ ಹಂತದ ಸ್ಕೋರು ನೋಡಿ ಹಿಗ್ಗಬೇಡಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಗುಂಪಿನ ಐದು ಪಂದ್ಯಗಳಲ್ಲಿ 76 ಗೋಲು ಹೊಡೆಯಿತು. ಹಾಂಗ್‌ಕಾಂಗ್ ಮೇಲೆ 26-0, ಜಪಾನ್ ಮೇಲೆ 8-0. ಸೆಮಿಫೈನಲ್‌ನಲ್ಲಿ ಮಲೇಷ್ಯಾ ಎದುರು 2-2, ಶೂಟೌಟ್‌ನಲ್ಲಿ ಸೋಲು. ಚಿನ್ನ ಗೆದ್ದವರು ಯಾರು? ಅದೇ ಎಂಟು ಗೋಲು ತಿಂದ ಜಪಾನ್! ಹಾಗಾಗಿ ಸಣ್ಣ ತಂಡಗಳ ಜೊತೆಗಿನ ಪಂದ್ಯ ನೋಡದಿದ್ದರೂ ನಷ್ಟವಿಲ್ಲ. ಜಪಾನ್, ಕೊರಿಯಾ, ಪಾಕಿಸ್ತಾನ, ಮಲೇಷ್ಯಾ ಎದುರಿದ್ದರೆ ಬಿಡಬೇಡಿ.

ಪಣಕ್ಕಿರುವುದು ಬರೀ ಪದಕವಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರಿಗೆ ಒಲಿಂಪಿಕ್ಸ್‌ಗೆ ನೇರ ದಾರಿ. ಹಾಂಗ್‌ಝೌ ಫೈನಲ್‌ನಲ್ಲಿ ಜಪಾನನ್ನು 5-1ರಿಂದ ಸೋಲಿಸಿ ನಮ್ಮ ಪುರುಷರು ಪ್ಯಾರಿಸ್ ಟಿಕೆಟ್ ಪಡೆದರು. ಮಹಿಳೆಯರು ಸೆಮಿಫೈನಲ್‌ನಲ್ಲಿ ಚೀನಾಕ್ಕೆ 0-4ರಿಂದ ಸೋತು ಕಂಚಿಗೆ ನಿಂತರು. ಆಮೇಲೆ 2024ರ ಜನವರಿಯಲ್ಲಿ ರಾಂಚಿಯ ಅರ್ಹತಾ ಟೂರ್ನಿಯಲ್ಲಿ ಜಪಾನ್‌ಗೆ 0-1ರಿಂದ ಸೋತು ಪ್ಯಾರಿಸ್ ತಪ್ಪಿಸಿಕೊಂಡರು. ಅರ್ಹತಾ ಟೂರ್ನಿ ಅನ್ನುವುದು ಅಷ್ಟು ಕೆಟ್ಟ ದಾರಿ.

ಫುಟ್‌ಬಾಲಿನದ್ದು ಯಾವುದನ್ನು ಮರೆಯಬೇಕು

ಹನ್ನೊಂದು ಜನ, ಒಬ್ಬ ಗೋಲ್‌ಕೀಪರ್, ಇಲ್ಲಿಯವರೆಗೆ ಒಂದೇ. ಆಟ 15 ನಿಮಿಷದ ನಾಲ್ಕು ಕ್ವಾರ್ಟರ್. ಆಫ್‌ಸೈಡ್ ಇಲ್ಲವೇ ಇಲ್ಲ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಹೊರಗೆ ಹೋದವರು ಮತ್ತೆ ಬರಬಹುದು. ಸ್ಟಿಕ್ಕಿನ ಚಪ್ಪಟೆ ಬದಿಯಲ್ಲೇ ಚೆಂಡು ಮುಟ್ಟಬೇಕು. ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ. ಗೋಲ್‌ಕೀಪರ್ ಬಿಟ್ಟು ಬೇರೆಯವರ ಕಾಲಿಗೆ ಚೆಂಡು ತಾಗಿ ಅದರಿಂದ ಅವರಿಗೆ ಲಾಭವಾದರೆ ಫೌಲ್. ಅಂಪೈರ್ ಸುಮ್ನೆ ಊದುತ್ತಾರೆ ಅನಿಸಿದಾಗ ಹೆಚ್ಚಿನ ಸಲ ಕಾರಣ ಇದೇ, ಕಾಲು.

ಕಣ್ಣು ಡಿ ಮೇಲಿರಲಿ

ಗೋಲಿನ ಮುಂದೆ ಕಮಾನಿನ ಹಾಗೆ ಬರೆದ ಗೆರೆ ಕಾಣುತ್ತದಲ್ಲ, ಅದೇ ಡಿ ಅಥವಾ ಸರ್ಕಲ್. ಗೋಲಿನಿಂದ 14.63 ಮೀಟರ್ ದೂರ. ಅದರೊಳಗೆ ದಾಳಿ ಮಾಡುವವರ ಸ್ಟಿಕ್ಕಿಗೆ ತಾಗಿದ ಚೆಂಡು ಮಾತ್ರ ಗೋಲು. ಹೊರಗಿನಿಂದ ಎಷ್ಟೇ ಚಂದ ಹೊಡೆದು ಒಳಗೆ ಹಾಕಿದರೂ ಲೆಕ್ಕಕ್ಕಿಲ್ಲ. ಮೆಸ್ಸಿಯ ದೂರದ ಹೊಡೆತಕ್ಕೆ ಕೈ ತಟ್ಟಿದವರಿಗೆ ಇದು ಸ್ವಲ್ಪ ಬೇಸರ ತರಬಹುದು. ಆದರೆ ಹಾಕಿಯ ಎಲ್ಲ ತಂತ್ರವೂ ಇರುವುದು ಈ ಗೆರೆ ದಾಟುವುದರಲ್ಲೇ.

ಗೆರೆ ದಾಟಿದ ಫಾರ್ವರ್ಡ್ ಕೆಲವೊಮ್ಮೆ ಗೋಲಿಗೆ ಹೊಡೆಯುವುದೇ ಇಲ್ಲ. ಎದುರಿನ ಡಿಫೆಂಡರ್ ಕಾಲಿಗೆ ಬೇಕೆಂದೇ ಚೆಂಡು ತಾಗಿಸುತ್ತಾನೆ. ಯಾಕೆಂದರೆ ಡಿ ಒಳಗಿನ ಫೌಲ್‌ಗೆ ಪೆನಾಲ್ಟಿ ಕಾರ್ನರ್ ಸಿಗುತ್ತದೆ. ಖಚಿತ ಗೋಲನ್ನೇ ತಪ್ಪಿಸಿದ ಫೌಲ್ ಆದರೆ ಪೆನಾಲ್ಟಿ ಸ್ಟ್ರೋಕ್.

ಪೆನಾಲ್ಟಿ ಕಾರ್ನರ್ ಬಂದಾಗ ನೀರು ಕುಡಿಯಲು ಏಳಬೇಡಿ. ಗಡಿಯಾರ 40 ಸೆಕೆಂಡು ನಿಲ್ಲುತ್ತದೆ. ರಕ್ಷಣೆಗೆ ಗೋಲ್‌ಕೀಪರ್ ಸೇರಿ ಐದೇ ಜನ, ಎಲ್ಲರೂ ಗೋಲಿನ ಗೆರೆಯ ಹಿಂದೆ. ಉಳಿದವರನ್ನು ಮೈದಾನದ ನಡುಗೆರೆಯ ಆಚೆ ಕಳಿಸುತ್ತಾರೆ. ದಾಳಿಯವರಲ್ಲಿ ಒಬ್ಬ ಹಿಂಗೆರೆಯಿಂದ ಚೆಂಡು ತಳ್ಳುತ್ತಾನೆ, ಒಬ್ಬ ಡಿ ತುದಿಯಲ್ಲಿ ನಿಲ್ಲಿಸುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಚೆಂಡು ಡಿ ಹೊರಗೆ ಬಂದ ಮೇಲೆಯೇ ಗೋಲಿನತ್ತ ಹೋಗಬೇಕು.

ಮೊದಲ ಹೊಡೆತ ಬೀಸಿ ಬಾರಿಸಿದ್ದಾದರೆ ಚೆಂಡು ಗೋಲಿನ ಹಿಂದಿನ ಹಲಗೆಗಿಂತ, ಅಂದರೆ 460 ಮಿಲಿಮೀಟರಿಗಿಂತ ಎತ್ತರದಲ್ಲಿ ಗೆರೆ ದಾಟಬಾರದು. ಆದರೆ ಸ್ಟಿಕ್ಕಿಗೆ ಚೆಂಡನ್ನು ಅಂಟಿಸಿ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಈ ಮಿತಿ ಇಲ್ಲ. ಭಾರತದ ಹರ್ಮನ್‌ಪ್ರೀತ್ ಸಿಂಗ್ ಹೆಸರು ಅಷ್ಟು ಕೇಳುವುದು ಈ ಕಾರಣಕ್ಕೆ. ಪ್ಯಾರಿಸ್‌ನಲ್ಲಿ ಅವರು 10 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು.

ಎಲ್ಲರೂ ಫ್ಲಿಕ್ ಮಾಡುವವರನ್ನೇ ನೋಡುತ್ತಾರೆ. ನನ್ನ ಮಾತು ಕೇಳುವುದಾದರೆ ಗೋಲಿನ ಗೆರೆಯಿಂದ ನೇರ ಅವರ ಕಡೆಗೆ ಓಡುವ ಡಿಫೆಂಡರನ್ನು ನೋಡಿ. ಆಟಗಾರರು ಅವರನ್ನು ಫಸ್ಟ್ ರಶರ್ ಅನ್ನುತ್ತಾರೆ. ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್ ಕಟ್ಟಿ, ಗುಂಡಿನಂತೆ ಬರುವ ಚೆಂಡಿಗೆ ಮೈ ಒಡ್ಡುವ ಕೆಲಸ. ಪತ್ರಿಕೆಯಲ್ಲಿ ಹೆಸರು ಬರುವುದು ಕಡಿಮೆ. ಪ್ಯಾರಿಸ್‌ನಲ್ಲಿ ಭಾರತಕ್ಕೆ ಈ ಕೆಲಸ ಮಾಡುತ್ತಿದ್ದವರು ಅಮಿತ್ ರೋಹಿದಾಸ್.

ಕಾರ್ಡಿನ ಬಣ್ಣ

ಹಸಿರಾದರೆ 2 ನಿಮಿಷ ಹೊರಗೆ, ಹಳದಿಯಾದರೆ ಕನಿಷ್ಠ 5 ನಿಮಿಷ, ಕೆಂಪಾದರೆ ಆ ಆಟಗಾರನಿಗೆ ಪಂದ್ಯವೇ ಮುಗಿಯಿತು. ಫುಟ್‌ಬಾಲಿನ ಹಳದಿ ಬರೀ ಎಚ್ಚರಿಕೆ, ಇಲ್ಲಿ ಅದಕ್ಕೂ ಬೆಲೆ ತೆರಬೇಕು. ಯಾರಾದರೂ ಹೊರಗೆ ಕೂತಿದ್ದಾಗ ಇನ್ನೊಂದು ತಂಡ ಏನು ಮಾಡುತ್ತದೆ ಅಂತ ನೋಡುವುದೇ ಮಜಾ.

ಗ್ರೇಟ್ ಬ್ರಿಟನ್ ಎದುರಿನ ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನಲ್ಲಿ ಇದೇ ರೋಹಿದಾಸ್‌ಗೆ 17ನೇ ನಿಮಿಷದಲ್ಲಿ ಕೆಂಪು ಕಾರ್ಡ್ ಬಿತ್ತು. ಉಳಿದ ಆಟವನ್ನೆಲ್ಲ ಭಾರತ ಹತ್ತು ಜನರಲ್ಲಿ ಆಡಿ 1-1ರಲ್ಲಿ ನಿಲ್ಲಿಸಿತು, ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಆದರೆ ನಿಷೇಧದಿಂದಾಗಿ ಸೆಮಿಫೈನಲ್‌ನಲ್ಲಿ ಅವರು ಇರಲಿಲ್ಲ. ಜರ್ಮನಿಯ ಮೊದಲ ಗೋಲು ಬಂದದ್ದು ಪೆನಾಲ್ಟಿ ಕಾರ್ನರಿನಿಂದ. ನಾವು 2-3ರಿಂದ ಸೋತೆವು.

ಅಂಪೈರ್ ತೀರ್ಪು ಒಪ್ಪದಿದ್ದರೆ ತಂಡ ವಿಡಿಯೊ ರೆಫರಲ್ ಕೇಳಬಹುದು. ಕೇಳಿದ್ದು ಸರಿ ಇದ್ದರೆ ಅವಕಾಶ ಉಳಿಯುತ್ತದೆ, ತಪ್ಪಾದರೆ ಹೋಯಿತು.

ಕೊನೆಯ ಐದು ನಿಮಿಷ, ಮತ್ತು ಅದರ ನಂತರ

ಸೋಲುತ್ತಿರುವ ತಂಡ ಗೋಲ್‌ಕೀಪರನ್ನೇ ಹೊರಗೆ ಕರೆದು ಇನ್ನೊಬ್ಬ ಫಾರ್ವರ್ಡನ್ನು ಇಳಿಸುತ್ತದೆ. ಖಾಲಿ ಗೋಲು ನೋಡಿ ಗಾಬರಿಯಾಗಬೇಡಿ. ಸಮಯ ಮುಗಿದ ಹೂಟರ್ ಕೇಳಿದರೂ ರಿಮೋಟ್ ಎತ್ತಬೇಡಿ. ಮೊದಲೇ ಸಿಕ್ಕ ಪೆನಾಲ್ಟಿ ಕಾರ್ನರನ್ನು ಆಡಿಯೇ ಮುಗಿಸಬೇಕು. ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ ಭಾರತ 5-4ರಿಂದ ಮುಂದಿದ್ದಾಗ ಜರ್ಮನಿಗೆ ಕೊನೆಯ ಸೆಕೆಂಡುಗಳಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಎರ್ನಾಕುಳಂ ಜಿಲ್ಲೆಯ ಪಿ.ಆರ್. ಶ್ರೀಜೇಶ್ ತಡೆದರು. ಕೇರಳದಿಂದ ಒಲಿಂಪಿಕ್ ಪದಕ ಗೆದ್ದ ಮೊದಲಿಗರೂ ಗೋಲ್‌ಕೀಪರೇ: ಇಲ್ಲೇ ನಮ್ಮ ಪಕ್ಕದ ಕಣ್ಣೂರಿನ ಮ್ಯಾನುವಲ್ ಫ್ರೆಡರಿಕ್, 1972ರ ಮ್ಯೂನಿಕ್.

ನಾಕೌಟ್ ಪಂದ್ಯ ಸಮವಾದರೆ ಶೂಟೌಟ್. ಫುಟ್‌ಬಾಲಿನ ಹಾಗೆ ಚೆಂಡು ನಿಲ್ಲಿಸಿ ಹೊಡೆಯುವುದಲ್ಲ. 23 ಮೀಟರ್ ಗೆರೆಯಿಂದ ಆಟಗಾರ ಚೆಂಡು ತಳ್ಳಿಕೊಂಡು ಬರುತ್ತಾನೆ, ಗೋಲ್‌ಕೀಪರ್ ಎದುರು ಓಡುತ್ತಾನೆ. ಇರುವುದು 8 ಸೆಕೆಂಡು. ಒಂದು ತಂಡಕ್ಕೆ ಐದು ಅವಕಾಶ. ಇಲ್ಲೂ ಗೋಲ್‌ಕೀಪರ್ ಕಡೆಗೇ ನೋಡಿ. ತಾಳ್ಮೆಯಿಂದ ಮೊದಲ ಮೂರು ಸೆಕೆಂಡು ಕಳೆದರೆ ಅರ್ಧ ಗೆದ್ದಂತೆ, ಬೇಗ ನೆಲಕ್ಕೆ ಬಿದ್ದರೆ ಕಷ್ಟ.

ಟಿವಿ ಸಾಕಾದರೆ

ಎದುರು ಕೂತು ನೋಡಬೇಕೆಂದರೆ ನಮಗೆ ಹತ್ತಿರ ಕೊಡಗು. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತದೆ. ಶುರುವಾದದ್ದು 1997ರಲ್ಲಿ. ತಂಡ ಕಟ್ಟುವುದು ಮನೆತನದ ಹೆಸರಲ್ಲಿ, ಒಂದೇ ತಂಡದಲ್ಲಿ ಹೆಂಗಸರೂ ಗಂಡಸರೂ ಆಡುವುದುಂಟು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬ ತಂಡಗಳಿದ್ದವು. ಮುಳ್ಳೇರಿಯ, ಆದೂರು ಕಡೆಯವರಿಗೆ ಜಾಲ್ಸೂರು, ಸುಳ್ಯ, ಸಂಪಾಜೆ ಮೇಲೆ ಮಡಿಕೇರಿ ದಾರಿ. ಕಾಞಂಗಾಡಿನವರಿಗೆ ಪಾಣತ್ತೂರು, ಭಾಗಮಂಡಲ ಹತ್ತಿರ. ಪ್ರತಿ ವರ್ಷ ಬೇರೆ ಕುಟುಂಬ ನಡೆಸುವುದರಿಂದ ಊರೂ ಬದಲಾಗಬಹುದು, ಹೊರಡುವ ಮೊದಲು ವಿಚಾರಿಸಿ. ಬಿಸಿಲು ಜಾಸ್ತಿ ಇರುತ್ತದೆ, ಟೊಪ್ಪಿ ಇಟ್ಟುಕೊಳ್ಳಿ.