ಹವಳ ದಿಬ್ಬದ ಶಾರ್ಕ್‌ಗಳನ್ನು ನೀರಿನೊಳಗೆ ಗಮನಿಸುವ ಕ್ರಮ

ಮಾಲ್ಡೀವ್ಸ್‌ನ ಹವಳ ದಿಬ್ಬಗಳಲ್ಲಿ ಸಾಮಾನ್ಯವಾಗಿ ಮೂರು ಜಾತಿಯ ಶಾರ್ಕ್‌ಗಳು ಕಾಣಸಿಗುತ್ತವೆ: ಬ್ಲ್ಯಾಕ್‌ಟಿಪ್, ವೈಟ್‌ಟಿಪ್ ಮತ್ತು ಗ್ರೇ ರೀಫ್. ಒಂದೇ ದಿಬ್ಬದಲ್ಲಿ ಬಾಳುತ್ತಿದ್ದರೂ ಇವುಗಳ ನೆಲೆ, ಬೇಟೆಯ ಹೊತ್ತು ಮತ್ತು ಆತ್ಮರಕ್ಷಣೆಯ ರೀತಿ ಬೇರೆಬೇರೆಯಾಗಿರುವುದರಿಂದ, ಯಾವುದನ್ನು ನೋಡಲು ಹೊರಟಿದ್ದೀರಿ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಆ ದೇಶವು 2010ರಲ್ಲಿ ತನ್ನ ಜಲವ್ಯಾಪ್ತಿಯಲ್ಲಿ ಶಾರ್ಕ್ ಬೇಟೆಯನ್ನು ನಿಷೇಧಿಸಿದ್ದು, ಅವುಗಳನ್ನು ನೆಮ್ಮದಿಯಾಗಿ ನೋಡಬಹುದಾದ ತಾಣಗಳಲ್ಲಿ ಅದೂ ಒಂದು.

ಬ್ಲ್ಯಾಕ್‌ಟಿಪ್ ನೋಡಲು ಈಜು ಕೂಡ ಬೇಕಿಲ್ಲ. ಬೆನ್ನಿನ ಈಜುರೆಕ್ಕೆಯ ತುದಿಯಲ್ಲಿ ಕಡುಗಪ್ಪು ಮಚ್ಚೆ, ಅದರ ಕೆಳಗೆ ಬಿಳಿಚಿದ ಪಟ್ಟಿ ಇರುವ ಇದರ ಮರಿಗಳು ಹವಳ ದಿಬ್ಬ ಸುತ್ತುವರಿದ ಲಗೂನ್ ಎಂಬ ಶಾಂತ ಜಲಭಾಗದ ಮೊಣಕಾಲುದ್ದದ ನೀರಿನಲ್ಲೇ ಬೆಳೆಯುತ್ತವೆ. ದೊಡ್ಡ ಬೇಟೆಗಾರ ಮೀನುಗಳು ಅಷ್ಟು ತೆಳುನೀರಿಗೆ ಬರಲಾರವಾದ್ದರಿಂದ ಅದೇ ಅವುಗಳ ಮೊದಲ ರಕ್ಷಣೆ. ಬೆಳಗಿನ ಅಥವಾ ಸಂಜೆಯ ಹೊತ್ತಿನಲ್ಲಿ ಸೂರ್ಯನಿಗೆ ಬೆನ್ನು ಮಾಡಿ ಅಲುಗಾಡದೆ ನಿಲ್ಲಿ. ಮರಳಿನಲ್ಲಿ ಹುದುಗಿರುವ ತೊರಕೆ ಮೀನನ್ನು ತುಳಿಯದಂತೆ ಪಾದಗಳನ್ನು ಎತ್ತದೆ ಜಾರಿಸುತ್ತಾ ನಡೆಯಿರಿ. ಮೀನು ತೊಳೆಯುವ ಜಾಗದಲ್ಲಿ ಮಾತ್ರ ನೀರಿಗಿಳಿಯಬೇಡಿ, ಏಕೆಂದರೆ ಅಂಜುಬುರುಕ ಪ್ರಾಣಿಯಾದರೂ ಇದು ತೆಳುನೀರಿನಲ್ಲಿ ಮನುಷ್ಯರ ಕಾಲನ್ನು ಬೇಟೆಯೆಂದು ತಪ್ಪಾಗಿ ಗ್ರಹಿಸಿ ಕಚ್ಚಿರುವುದುಂಟು.

ವೈಟ್‌ಟಿಪ್ ಹಗಲಿನ ಬಹುಪಾಲನ್ನು ಹವಳದ ಪೊಟರೆಗಳಲ್ಲಿ, ಮರಳ ಮೇಲೆ ಮಲಗಿ ಕಳೆಯುತ್ತದೆ. ಬಾಯಿ ಮತ್ತು ಕಿವಿರುಗಳ ಮೂಲಕ ನೀರನ್ನು ತಾನೇ ಪಂಪು ಮಾಡಿಕೊಂಡು ಉಸಿರಾಡಬಲ್ಲದ್ದರಿಂದ ಅದಕ್ಕೆ ಸದಾ ಈಜುತ್ತಿರುವ ಅಗತ್ಯವಿಲ್ಲ; ಸಾವಧಾನದಿಂದ ನೋಡಿದರೆ ಕಿವಿರು ಸೀಳುಗಳು ಲಯಬದ್ಧವಾಗಿ ತೆರೆದು ಮುಚ್ಚುವುದು ಕಾಣುತ್ತದೆ. ಇರುಳಾದ ಮೇಲೆ ಅದು ಬೇಟೆಗೆ ಹೊರಡುತ್ತದೆ. ಸಪೂರವಾದ ದೇಹ ಮತ್ತು ಗಡುಸಾದ ಚರ್ಮದ ಬಲದಿಂದ ಬಿರುಕುಗಳಿಗೆ ನುಗ್ಗಿ, ಅಲ್ಲಿ ನಿದ್ರಿಸುವ ಮೀನು, ಆಕ್ಟೋಪಸ್‌ಗಳನ್ನು ಹಿಡಿಯುತ್ತದೆ. ಅವುಗಳ ದೇಹದಿಂದ ಹೊಮ್ಮುವ ಕ್ಷೀಣ ವಿದ್ಯುತ್ತನ್ನು ಮೂತಿಯ ಸೂಕ್ಷ್ಮ ರಂಧ್ರಗಳು ಗುರುತಿಸುತ್ತವೆ. ನೀವು ಪಕ್ಕದಿಂದಲೇ ನೋಡಿ. ಪೊಟರೆಯ ಬಾಯಿಗೆ ಅಡ್ಡಲಾಗಿ ನಿಂತರೆ ಅದರ ಏಕೈಕ ದಾರಿಯನ್ನು ಮುಚ್ಚಿದಂತಾಗುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಗ್ರೇ ರೀಫ್ ವಿಷಯದಲ್ಲಿ, ನನ್ನ ಮಟ್ಟಿಗೆ ಹೆಚ್ಚು ಕಲಿಸುವುದೂ ಅದೇ. ಬಾಲದ ಹಿಂಬದಿಯ ಅಗಲವಾದ ಕಪ್ಪು ಅಂಚಿನಿಂದ ಗುರುತಿಸಬಹುದಾದ ಈ ಶಾರ್ಕ್, ಹೊರಸಮುದ್ರದ ನೀರು ಉಂಗುರಾಕಾರದ ಹವಳ ದ್ವೀಪಗಳ ಸಾಲಾದ ಅಟಾಲ್‌ನೊಳಕ್ಕೆ ನುಗ್ಗುವ 'ಕಂಡು' ಎಂಬ ಕಾಲುವೆಗಳ ಬಾಯಿಯಲ್ಲಿ ಗುಂಪುಗೂಡುತ್ತದೆ. ಈಶಾನ್ಯ ಮಾರುತದ ಕಾಲದಲ್ಲಿ, ಎಂದರೆ ಸುಮಾರು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಪೂರ್ವ ಅಂಚಿನ ಕಾಲುವೆಗಳಲ್ಲಿ ಒಳಹರಿವಿರುವಾಗ ಮುಳುಗಿದರೆ ನೀರೂ ತಿಳಿಯಾಗಿರುತ್ತದೆ.

ಈ ಶಾರ್ಕ್ ಕಚ್ಚುವ ಮುನ್ನ ಮೈಯಿಂದ ಎಚ್ಚರಿಸುತ್ತದೆ. ಮೂತಿಯನ್ನು ಮೇಲೆತ್ತಿ, ಎದೆಯ ಈಜುರೆಕ್ಕೆಗಳನ್ನು ಕೆಳಕ್ಕೆ ಚಾಚಿ, ಬೆನ್ನನ್ನು ಬಾಗಿಸಿ, ಇಡೀ ದೇಹವನ್ನು ಅತಿಯಾಗಿ ಬಳುಕಿಸುತ್ತಾ ಬಿಗಿಬಿಗಿಯಾಗಿ ಈಜುತ್ತದೆ. ಕೆಲವೊಮ್ಮೆ ಎಂಟರ ಆಕಾರದಲ್ಲಿ ಸುತ್ತುತ್ತದೆ. ರಿಚರ್ಡ್ ಜಾನ್ಸನ್ ಮತ್ತು ಡೊನಾಲ್ಡ್ ನೆಲ್ಸನ್ ಎಂಬ ವಿಜ್ಞಾನಿಗಳು ಮಾರ್ಷಲ್ ದ್ವೀಪಗಳ ಎನಿವೆಟಾಕ್ ಅಟಾಲ್‌ನಲ್ಲಿ ಈ ಭಂಗಿಯನ್ನು ಅಧ್ಯಯನ ಮಾಡಿ 1973ರಲ್ಲಿ ಪ್ರಕಟಿಸಿದರು. ಮುಳುಗುಗಾರರು ವೇಗವಾಗಿ ಅದರತ್ತ ಧಾವಿಸಿದಾಗ ಮತ್ತು ತಪ್ಪಿಸಿಕೊಳ್ಳುವ ದಾರಿ ಕಿರಿದಾಗಿದ್ದಾಗ ಭಂಗಿ ಅತಿ ತೀವ್ರವಾಗಿತ್ತು. ಇದನ್ನು ಲಕ್ಷಿಸದೆ ಕ್ಯಾಮೆರಾ ಹಿಡಿದು ಮುಂದುವರಿದವರನ್ನು ಅದು ಮಿಂಚಿನಂತೆ ಕಚ್ಚಿ ಓಡಬಹುದು. ಅದು ಹಸಿವಿನ ಕಚ್ಚಲ್ಲ, ಭಯದ್ದು. ಆದ್ದರಿಂದ ಈ ಭಂಗಿಯನ್ನು ಕಂಡ ಕೂಡಲೇ ನಿಲ್ಲಿ, ಫ್ಲ್ಯಾಶ್ ಬಳಸಬೇಡಿ, ಅದರ ಮೇಲಿಂದ ಕಣ್ಣು ತೆಗೆಯದೆ ನಿಧಾನವಾಗಿ ಹಿಂದೆ ಸರಿಯಿರಿ, ಮತ್ತು ತೆರೆದ ಸಮುದ್ರದ ಕಡೆಯ ದಾರಿಯನ್ನು ಅದಕ್ಕೇ ಬಿಟ್ಟುಕೊಡಿ. ನಿಮ್ಮ ಗುಂಪು ಅದನ್ನು ದಿಬ್ಬಕ್ಕೂ ತಮಗೂ ನಡುವೆ ಸಿಕ್ಕಿಸಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಗ್ರೇ ರೀಫ್ ಬೇಟೆಯಾಡುವುದನ್ನು ನೋಡುವ ಹಂಬಲವಿದ್ದವರು ಫ್ರೆಂಚ್ ಪಾಲಿನೇಷ್ಯಾದ ಫಕರಾವಾದವರೆಗೆ ಹೋಗಬೇಕು. ಅಲ್ಲಿನ ದಕ್ಷಿಣದ ಕಾಲುವೆಯಲ್ಲಿ ಸುಮಾರು 700 ಗ್ರೇ ರೀಫ್‌ಗಳು ಸೇರುತ್ತವೆ. ಹಗಲಿನಲ್ಲಿ ನೀರಿನ ಮೇಲ್ಮುಖ ಸೆಳೆತದ ಮೇಲೆ ಸವಾರಿ ಮಾಡುತ್ತಾ ಶಕ್ತಿ ಉಳಿಸಿಕೊಂಡು, ರಾತ್ರಿ ದಿಬ್ಬಕ್ಕೆ ಮುಗಿಬೀಳುತ್ತವೆ. ಜೂನ್–ಜುಲೈ ಹುಣ್ಣಿಮೆಯ ಸುಮಾರಿಗೆ ಮೊಟ್ಟೆಯಿಡಲು ಬರುವ ಸಾವಿರಾರು ಗ್ರೂಪರ್ ಮೀನುಗಳು ಅವುಗಳಿಗೆ ಭರ್ಜರಿ ಆಹಾರ.

ಮುಳುಗು ಕೇಂದ್ರವನ್ನು ಆರಿಸುವಾಗ ಶಾರ್ಕ್‌ಗಳಿಗೆ ಆಹಾರ ಹಾಕಿ ಕರೆಸುತ್ತಾರೆಯೇ ಎಂದು ಕೇಳಿ. ಹೌದೆಂದರೆ ಬೇರೆ ಕೇಂದ್ರ ಹುಡುಕಿ. ಮನುಷ್ಯನನ್ನು ಕಂಡರೆ ಊಟ ಎಂದು ಕಲಿತ ಶಾರ್ಕ್‌ನ ವರ್ತನೆಯಿಂದ ಅದರ ಸಹಜ ಸ್ವಭಾವವನ್ನು ಅರಿಯಲಾಗುವುದಿಲ್ಲ. ಕಾಲುವೆಯ ಅಂಚು ಹಲವೆಡೆ 25–30 ಮೀಟರ್ ಆಳದಲ್ಲಿರುತ್ತದೆ, ಮಾಲ್ಡೀವ್ಸ್‌ನಲ್ಲಿ ಮನರಂಜನಾ ಮುಳುಗಿಗೆ 30 ಮೀಟರ್ ಮಿತಿಯಿದೆ. ಶಾರ್ಕ್ ನೋಡುತ್ತಾ ಆಳದ ಮಾಪಕವನ್ನು ಮರೆಯಬೇಡಿ. ಸೆಳೆತದಲ್ಲಿ ಬೆರಳಿನಿಂದ ಹವಳವನ್ನು ಹಿಡಿಯುವ ಬದಲು ಸತ್ತ ಬಂಡೆಗೆ ಸಿಕ್ಕಿಸುವ ರೀಫ್ ಹುಕ್ ಎಂಬ ಕೊಕ್ಕೆ ಬಳಸಿ, ಮತ್ತು ದೋಣಿಯವರಿಗೆ ದೂರದಿಂದಲೂ ಕಾಣುವ ಕಿತ್ತಳೆ ಬಣ್ಣದ ಗಾಳಿ ತುಂಬುವ ಗುರುತಿನ ತೇಲುಬುರುಡೆಯನ್ನು ಪ್ರತಿಯೊಬ್ಬರೂ ತಮ್ಮೊಡನೆ ಒಯ್ಯಿರಿ.