ಹಗೇವಿನಲ್ಲಿ ಸಿಕ್ಕ ಮೂಳೆ: ನಾನು ಕ್ರೈಂ ಕಾದಂಬರಿ ಬರೆದ ಬಗೆ

ಕಥೆಯ ಬೀಜ ಸಿಕ್ಕಿದ್ದು ಅಣ್ಣಿಗೇರಿಯಿಂದ. 2010ರಲ್ಲಿ ಅಲ್ಲಿ ನೆಲ ಅಗೆಯುವಾಗ ನೂರಾರು ತಲೆಬುರುಡೆ ಸಿಕ್ಕವು. ಅವು ಶತಮಾನಗಳಷ್ಟು ಹಳೆಯವು ಎಂದು ಪರೀಕ್ಷೆಯಲ್ಲಿ ತಿಳಿಯಿತು. ನನ್ನ ತಲೆಗೆ ಹೊಕ್ಕಿದ್ದು ಬೇರೆ ಯೋಚನೆ. ಸಿಕ್ಕ ಮೂಳೆ ಬರೀ ಮೂವತ್ತು ವರ್ಷ ಹಳೆಯದಾಗಿದ್ದರೆ? ಅದು ಯಾರದು ಅಂತ ಪರೀಕ್ಷೆ ಮಾಡುವ ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ?

ನನ್ನ ನಾಯಕಿ ಹುಬ್ಬಳ್ಳಿಯಲ್ಲಿ ಫೊರೆನ್ಸಿಕ್ ಡಾಕ್ಟರು, ಊರು ನವಲಗುಂದದ ಕಡೆ. ಅವಳು ಎಂಟು ವರ್ಷದವಳಿದ್ದಾಗ ಚಿಕ್ಕಪ್ಪನ ಮಗ ಕಾಣೆಯಾಗಿದ್ದ. ಈಗ ಹಳೇ ಮನೆ ಕೆಡವುವಾಗ ಹಗೇವಿನಲ್ಲಿ, ಅಂದರೆ ಕಾಳು ತುಂಬಿ ಮುಚ್ಚಿಡುವ ನೆಲದಡಿಯ ಗುಂಡಿಯಲ್ಲಿ, ಮೂಳೆ ಸಿಗುತ್ತವೆ.

ಹಗೇವನ್ನು ಬೇಕಂತಲೇ ಆರಿಸಿಕೊಂಡೆ. ಮುಚ್ಚಿಟ್ಟ ಜೋಳವೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೇ ಬಾಯಿ ತೆಗೆದ ಕೂಡಲೇ ಹಿರಿಯರು ಯಾರನ್ನೂ ಇಳಿಸುತ್ತಿರಲಿಲ್ಲ, ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಹಾಗೆ ಉಸಿರುಗಟ್ಟಿ ಸತ್ತರೆ ಮೂಳೆಯ ಮೇಲೆ ಯಾವ ಗುರುತೂ ಉಳಿಯುವುದಿಲ್ಲ. ಹುಡುಗ ತಾನೇ ಇಳಿದನೋ, ಯಾರಾದರೂ ಇಳಿಸಿದರೋ, ಎಲುಬು ಹೇಳುವುದಿಲ್ಲ.

ಥ್ರಿಲ್ಲರ್‌ಗಳಲ್ಲಿ ಕತ್ತಿನ ಹಯಾಯ್ಡ್ ಮೂಳೆ ಮುರಿದಿರುತ್ತದೆ, ಕೂಡಲೇ ಕೊಲೆ ಅಂತ ತೀರ್ಮಾನ. ಮಕ್ಕಳಲ್ಲಿ ಆ ಮೂಳೆ ಇನ್ನೂ ಬಿಡಿ ತುಂಡುಗಳಾಗಿರುತ್ತದೆ, ನಡುವೆ ಮೆತ್ತನೆಯ ಮೃದ್ವಸ್ಥಿ. ಕತ್ತು ಹಿಸುಕಿದರೂ ಅದು ಮುರಿಯುವುದು ಅಪರೂಪ. ಹಾಗಾಗಿ ನನ್ನ ಪೊಲೀಸರು ಕೇಳುವ ಆ ಸುಲಭದ ಸಾಕ್ಷಿಯನ್ನು ನಾನು ಕೊಡಲಿಲ್ಲ. ನಾಯಕಿ ಬರೆಯುವ ವರದಿ ಇಷ್ಟೇ: ಸಾವಿನ ಕಾರಣ ಹೇಳಲಾಗದು. ಸತ್ತವನು ತನ್ನ ಸಂಬಂಧಿ ಎಂದು ತಿಳಿಸಿ ಅವಳು ಕೇಸಿನಿಂದ ಹಿಂದೆ ಸರಿಯಬೇಕಿತ್ತು. ಸರಿಯುವುದಿಲ್ಲ, ಸಹಿ ಹಾಕುತ್ತಾಳೆ. ಕಾದಂಬರಿಯ ನಿಜವಾದ ಅಪರಾಧ ಅಲ್ಲಿಂದ ಶುರು.

ಎಲ್ಲ ಮರೆತುಹೋಗಿತ್ತು, ಒಂದು ದಿನ ಥಟ್ಟನೆ ನೆನಪಾಯಿತು ಅನ್ನುವ ದಾರಿ ನನಗೆ ಬೇಡವಾಗಿತ್ತು. ಭಯಂಕರ ಘಟನೆಗಳು ಸಾಮಾನ್ಯವಾಗಿ ನೆನಪಿನಲ್ಲೇ ಇರುತ್ತವೆ. ಆದರೆ ಇದ್ದ ಹಾಗೇ ಇರುವುದಿಲ್ಲ. 1974ರ ಒಂದು ಮನಶ್ಶಾಸ್ತ್ರ ಪ್ರಯೋಗದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲಂ ತೋರಿಸಿ ಜನರನ್ನು ಪ್ರಶ್ನಿಸಿದರು. ಕಾರುಗಳು 'ಡಿಕ್ಕಿ ಹೊಡೆದಾಗ' ಎಂದು ಕೇಳಿಸಿಕೊಂಡವರಿಗಿಂತ 'ಅಪ್ಪಳಿಸಿ ನುಜ್ಜುಗುಜ್ಜಾದಾಗ' ಎಂದು ಕೇಳಿಸಿಕೊಂಡವರು ವೇಗ ಜಾಸ್ತಿ ಹೇಳಿದರು. ವಾರದ ನಂತರ ಅವರಲ್ಲೇ ಹೆಚ್ಚು ಜನ ಒಡೆದ ಗಾಜು ನೋಡಿದ್ದೆವು ಅಂದರು. ಫಿಲಂನಲ್ಲಿ ಒಡೆದ ಗಾಜೇ ಇರಲಿಲ್ಲ! ಇದನ್ನು ಓದಿದ ಮೇಲೆ ನನ್ನ ಕಥೆಯ ಗಂಟು ಎಲ್ಲಿದೆ ಅಂತ ಗೊತ್ತಾಯಿತು.

ನಾಯಕಿ ಹುಡುಗಿಯಾಗಿದ್ದಾಗ ಕೊಟ್ಟ ಹೇಳಿಕೆಯನ್ನೇ ಮೊದಲು ಬರೆದೆ. ಫೌಜದಾರ ಕೇಳಬೇಕಿದ್ದದ್ದು, "ಅವನ್ನ ಕಡೀಕ ಎಲ್ಲಿ ನೋಡಿದ್ಯವಾ?" ಕೇಳಿದ್ದು, "ಅವನ್ನ ಯಾರು ಕರಕೊಂಡು ಹೋದ್ರವಾ?" ಯಾರೋ ಒಬ್ಬರ ಹೆಸರು ಹೇಳಲೇಬೇಕು ಅಂತ ಆ ಕೂಸಿಗೆ ಅನಿಸಿತು. ಹೊಲದ ಆಳಿನ ಹೆಸರು ಹೇಳಿದಳು. ಅವನು ಊರು ಬಿಟ್ಟ.

ಆ ದೃಶ್ಯ ಕಾದಂಬರಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲು ಆಳಿನ ತಲೆ ಮೇಲೆ ಕೆಂಪು ರುಮಾಲು. ಆಮೇಲೆ ಹೆಗಲ ಮೇಲೆ ಹುಡುಗ. ಕೊನೆಗೆ ಹುಡುಗ ಅಳುವ ಸದ್ದೂ ಸೇರುತ್ತದೆ. ಹೀಗೆ ಒಂದೊಂದೇ ವಿವರ ಸೇರುತ್ತಿರುವುದನ್ನು ಓದುಗರು ಅವಳಿಗಿಂತ ಮೊದಲೇ ಹಿಡಿಯಲಿ ಅಂತ ನನ್ನ ಆಸೆ.

ಕೊನೆಯ ಅಧ್ಯಾಯದಲ್ಲಿ ಅವಳು ಗದಗಿಗೆ ಹೋಗಿ, ಈಗ ಮುದುಕನಾಗಿರುವ ಆ ಆಳಿನ ಮುಂದೆ ಕೂರುತ್ತಾಳೆ. ಅವನ ಬಾಯಲ್ಲಿ ಮೊದಲು ನಾನಿಟ್ಟ ಮಾತು, "ಹಂಗ ಹೇಳಂತ ನಿನಗ ಯಾರು ಹೇಳಿಕೊಟ್ರವಾ?" ಓದಿ ನೋಡಿದರೆ ಅದೂ ಫೌಜದಾರನ ಪ್ರಶ್ನೆಯ ಹಾಗೇ ಇತ್ತು. ಅದನ್ನು ತೆಗೆದು, "ಅವತ್ತ ಏನಾತವಾ?" ಅಂತ ಬರೆದೆ.