ಟೀಮ್ ಹೆಸರಿಗೆ ಟ್ರೇಡ್‌ಮಾರ್ಕ್: ನಾನು ಮಾಡಿದ್ದು ಹೀಗೆ

ಮುಂಬೈಯ ಫೋರ್ಟ್‌ನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿಕೊಡುವುದು ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ನಮ್ಮ ಕಡೆಯವರೇ. ಹೋಟೆಲಿನವರು, ಮಸಾಲೆ ಪುಡಿಯವರು, ಕ್ಯಾಟರಿಂಗ್‌ನವರು. ಕೆಲವು ವರ್ಷಗಳ ಹಿಂದೆ ಅವರಲ್ಲೊಬ್ಬರು, ಕುಂದಾಪುರ ಕಡೆಯ ಹೋಟೆಲ್ ಧಣಿ, ಒಂದು ಖಾಸಗಿ ಕಬಡ್ಡಿ ಲೀಗಿನಲ್ಲಿ ತಂಡ ಕೊಂಡರು. ಆಟಗಾರರು, ಕೋಚ್, ಬಸ್ಸು ಎಲ್ಲ ಗೊತ್ತು ಮಾಡಿ ಕೊನೆಗೆ ನನಗೆ ಫೋನ್ ಮಾಡಿದರು. "ಮಾರಾಯ್ರೆ, ಹೆಸರೊಂದು ರಿಜಿಸ್ಟರ್ ಮಾಡ್ಸಿ ಕೊಡಿ. ಹೋಟೆಲಿಗೆ ಮಾಡಿದ ಹಾಗೇ ಅಲ್ದಾ?"

ಹಾಗಲ್ಲ. ಹೋಟೆಲಿನವರು ಮಾರುವುದು ದೋಸೆ. ಬೋರ್ಡಿನ ಹೆಸರು ಗಿರಾಕಿಯನ್ನು ಒಳಗೆ ಕರೆಯುತ್ತದೆ, ಅಷ್ಟೇ. ತಂಡಕ್ಕೆ ಹೆಸರೇ ಸರಕು. ಟಿಕೆಟ್ ದುಡ್ಡಿನಲ್ಲಿ ಸಣ್ಣ ತಂಡ ಬದುಕುವುದಿಲ್ಲ. ಸ್ಪಾನ್ಸರ್ ಚೆಕ್ ಬರೆಯುವುದು ಆ ಹೆಸರಿನ ಪಕ್ಕ ತನ್ನ ಹೆಸರು ಕಾಣಲಿ ಅಂತ. ಹುಡುಗರು ಜೆರ್ಸಿ ಕೊಳ್ಳುವುದೂ ಎದೆಯ ಮೇಲಿನ ಆ ಚಿತ್ರಕ್ಕಾಗಿ. ಬಟ್ಟೆ ಎಲ್ಲ ಕಡೆ ಒಂದೇ.

ನಾನು ಕೇಳಿದ ಮೊದಲ ಪ್ರಶ್ನೆ: ಈ ಹೆಸರು ಯಾರದ್ದು? ಧಣಿಗಳು ನಕ್ಕರು. ಆದರೆ ಕಾಗದ ನೋಡಿದರೆ ತಂಡ ಕೊಂಡದ್ದು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ, ಹೋಟೆಲ್ ನಡೆಸುವುದು ಪಾಲುದಾರಿಕೆ ಸಂಸ್ಥೆ. ಲೋಗೋ ಬರೆದದ್ದು ಡೊಂಬಿವಿಲಿಯ ಒಬ್ಬ ಡಿಸೈನರ್ ಹುಡುಗ. ಇನ್‌ಸ್ಟಾಗ್ರಾಮ್ ಪುಟ ಮ್ಯಾನೇಜರ್ ಮೊಬೈಲಿನಲ್ಲಿ. ದೊಡ್ಡ ತಂಡಗಳಲ್ಲಿ ಇದನ್ನು ಮೊದಲೇ ಕಟ್ಟಿ ಹಾಕಿರುತ್ತಾರೆ. ಮುಂಬೈ ಇಂಡಿಯನ್ಸ್ ತಂಡ ರಿಲಯನ್ಸ್ ಬಳಗದ ಇಂಡಿಯಾವಿನ್ ಸ್ಪೋರ್ಟ್ಸ್ ಎಂಬ ಕಂಪನಿಯ ಕೈಯಲ್ಲಿದೆ. ನಾವೂ ಅರ್ಜಿಯನ್ನು ತಂಡದ ಕಂಪನಿಯ ಹೆಸರಿನಲ್ಲೇ ಹಾಕಲು ನಿಶ್ಚಯಿಸಿದೆವು. ಅದಕ್ಕೂ ಮುಂಚೆ ಲೀಗಿನ ಒಪ್ಪಂದ ತೆಗೆಸಿ, ಹೆಸರಿನ ಹಕ್ಕು ಲೀಗಿಗೆ ಹೋಗುತ್ತದೋ ತಂಡದಲ್ಲೇ ಉಳಿಯುತ್ತದೋ ಎಂದು ಸಾಲು ಸಾಲಾಗಿ ಓದಿದೆ. ಉಳಿಯುತ್ತಿತ್ತು.

ಡಿಸೈನರ್ ಹುಡುಗನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನವರು ದುಡ್ಡು ತೆಗೆದುಕೊಂಡು ಬರೆದುಕೊಟ್ಟ ಲೋಗೋದ ಕಾಪಿರೈಟ್ ಸಾಮಾನ್ಯವಾಗಿ ಬರೆದವರಲ್ಲೇ ಇರುತ್ತದೆ. ಬಿಲ್ ಕಟ್ಟಿದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಲಿಖಿತ ಹಸ್ತಾಂತರ ಪತ್ರ ಬೇಕು. ಅದರಲ್ಲಿ ಎಷ್ಟು ಕಾಲಕ್ಕೆ, ಯಾವ ಜಾಗಕ್ಕೆ ಎಂದು ಬರೆಯದಿದ್ದರೆ ಕಾನೂನು 5 ವರ್ಷ, ಭಾರತ ಮಾತ್ರ ಎಂದು ಹಿಡಿಯುತ್ತದೆ. ಎಷ್ಟೋ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ನಾನು ಪೂರ್ತಿ ಅವಧಿಗೆ, ಇಡೀ ಜಗತ್ತಿಗೆ ಎಂದು ಬರೆಸಿ ಸಹಿ ಹಾಕಿಸಿದೆ. ಹುಡುಗನಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಡಿಸಿದೆ. ಕೊಡಬೇಕಾದದ್ದೇ.

ಇನ್ನು ಹೆಸರು. ಎಲ್ಲರಂತೆ ಇವರದ್ದೂ ಊರಿನ ಹೆಸರು, ಜೊತೆಗೊಂದು ಪ್ರಾಣಿ. ಕೇಳಲು ಜೋರಾಗಿದೆ, ಕಾನೂನಿನ ಕಣ್ಣಿಗೆ ಬಡವಾದ ಹೆಸರು. ಟ್ರೇಡ್‌ಮಾರ್ಕ್ ಕಾಯ್ದೆ 1999ರ 9ನೇ ಕಲಂ ಪ್ರಕಾರ ಬರೀ ಊರನ್ನು ಸೂಚಿಸುವ ಹೆಸರು ಒಬ್ಬರ ಪಾಲಾಗುವುದು ಕಷ್ಟ. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನಂಥ ಕ್ಲಬ್ಬಿಗೇ 2019ರಲ್ಲಿ ಅಲ್ಲಿನ ಕಚೇರಿ 'ಲಿವರ್‌ಪೂಲ್' ಎಂಬ ಒಂಟಿ ಪದ ಕೊಡಲಿಲ್ಲ. ಅದು ಊರಿನ ಹೆಸರು ಅಂದುಬಿಟ್ಟಿತು. ನಮ್ಮ ಕಾಯ್ದೆಯ 17ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಇಡೀ ಗುರುತು ನೋಂದಣಿಯಾದರೂ ಅದರ ಒಂದೊಂದು ತುಂಡಿನ ಮೇಲೆ ಪ್ರತ್ಯೇಕ ಹಕ್ಕು ಬರುವುದಿಲ್ಲ. ಅಂದರೆ ಊರೂ ನಮ್ಮದಲ್ಲ, ಪ್ರಾಣಿಯೂ ನಮ್ಮದಲ್ಲ. ಎರಡರ ಜೋಡಿ ಮಾತ್ರ ನಮ್ಮದು. ಈ ವಿಷಯದಲ್ಲಿ ಆರ್‌ಸಿಬಿಯವರು ಗಟ್ಟಿ. ಒಂದು ವಿಸ್ಕಿ ಬ್ರ್ಯಾಂಡಿನಿಂದ ಬಂದ ಹೆಸರಾದ್ದರಿಂದ ಊರು ತೆಗೆದರೂ ಹೆಸರು ನಿಲ್ಲುತ್ತದೆ. 2024ರಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂದಾಗಲೂ ಮೊದಲಿನ 'ರಾಯಲ್ ಚಾಲೆಂಜರ್ಸ್' ಎಂಬ ಎರಡು ಪದ ಅಲ್ಲಾಡಲಿಲ್ಲ.

ಹೆಸರು ಬದಲಿಸಿ ಎಂದು ನಾನು ಹೇಳಿ ನೋಡಿದೆ. ಧಣಿಗಳು ಒಪ್ಪಲಿಲ್ಲ. "ಊರಿನ ಹೆಸರಿಲ್ಲದಿದ್ರೆ ಕೂಗುವವ್ರು ಏನಂತ ಕೂಗೂದು?" ಅದೂ ನಿಜವೇ. ಹಾಗಾಗಿ ಪದಕ್ಕೆ ಒಂದು ಅರ್ಜಿ, ಲೋಗೋಗೆ ಇನ್ನೊಂದು ಅರ್ಜಿ ಎಂದು ಬೇರೆ ಬೇರೆ ಮಾಡಿದೆ. ಪದ ತಡವಾದರೂ ಚಿತ್ರಕ್ಕಾದರೂ ಬೇಗ ರಕ್ಷಣೆ ಸಿಗಲಿ ಎಂಬ ಲೆಕ್ಕ. ಲೋಗೋವನ್ನು ಕಪ್ಪು-ಬಿಳುಪಿನಲ್ಲಿ ಸಲ್ಲಿಸಿದೆ. ಬಣ್ಣಕ್ಕೆ ಕಟ್ಟಿ ಹಾಕದಿದ್ದರೆ 10ನೇ ಕಲಂ ಪ್ರಕಾರ ಎಲ್ಲ ಬಣ್ಣಗಳಿಗೂ ಹಕ್ಕು ಸಲ್ಲುತ್ತದೆ. ಮುಂದಿನ ಸೀಸನ್‌ನಲ್ಲಿ ಜೆರ್ಸಿ ಬಣ್ಣ ಬದಲಾಗುವುದು ಗ್ಯಾರಂಟಿ, ಅಲ್ವಾ?

ಲೋಗೋದ ಮೊದಲ ಕರಡಿನಲ್ಲಿ ಗಂಡಭೇರುಂಡ ಇತ್ತು. ನಮ್ಮ ಹುಡುಗರ ಆಸೆ. ಮಾರ್ಕೆಟಿಂಗ್ ನೋಡುತ್ತಿದ್ದ ಮರಾಠಿ ಹುಡುಗನಿಗೆ ಶಿವಾಜಿ ಮಹಾರಾಜರ ಚಿತ್ರ ಬೇಕಿತ್ತು. ಎರಡನ್ನೂ ತೆಗೆಸಿದೆ. 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯಲ್ಲಿ ವ್ಯಾಪಾರಕ್ಕೆ ಬಳಸಬಾರದವುಗಳ ಪಟ್ಟಿ ಇದೆ. ಅದರಲ್ಲಿ ಛತ್ರಪತಿ ಶಿವಾಜಿಯ ಹೆಸರೂ ಚಿತ್ರವೂ ಇವೆ. ರಾಜ್ಯ ಸರ್ಕಾರಗಳ ಲಾಂಛನಗಳೂ ಇವೆ. ಕರ್ನಾಟಕದ ಲಾಂಛನದಲ್ಲಿ ಗಂಡಭೇರುಂಡ ಕೂತಿರುವಾಗ ಸುಮ್ನೆ ಯಾಕೆ ತಕರಾರು? ಲೋಗೋದಲ್ಲಿ ಕನ್ನಡ ಅಕ್ಷರ ಮಾತ್ರ ಉಳಿಸಿಕೊಂಡೆವು. ಅದಕ್ಕೆ ತೊಂದರೆ ಇಲ್ಲ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಉಚ್ಚಾರವನ್ನೂ ಅರ್ಥವನ್ನೂ ಅರ್ಜಿಯಲ್ಲೇ ಬರೆದರೆ ಸಾಕು.

ಆಮೇಲೆ ಹುಡುಕಾಟ. ಸರ್ಕಾರಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಕಾಗುಣಿತ ಹಿಡಿದು ಹುಡುಕಿದರೆ ಸಾಲದು, ಉಚ್ಚಾರ ಹಿಡಿದು ಹುಡುಕುವ ಆಯ್ಕೆಯನ್ನೂ ಒತ್ತಬೇಕು. ಚಿತ್ರಗಳಿಗೆ ವಿಯೆನ್ನಾ ಕೋಡ್ ಅಂತ ಇದೆ, ಅದನ್ನು ಹಾಕಿದರೆ ಅದೇ ಪ್ರಾಣಿಯ ಚಿತ್ರಗಳೆಲ್ಲ ಸಾಲಾಗಿ ಬರುತ್ತವೆ. ನೋಂದಣಿ ಮಾಡುವುದು ಸರಕು-ಸೇವೆಗಳ ವರ್ಗ ಹಿಡಿದು. ಆಟದ ವರ್ಗದಲ್ಲಿ ನಮ್ಮ ದಾರಿ ಹೆಚ್ಚುಕಮ್ಮಿ ಖಾಲಿ. ಬಟ್ಟೆಯ ವರ್ಗದಲ್ಲಿ ಮಾತ್ರ ಅದೇ ಪ್ರಾಣಿಯ ಹೆಸರಿಟ್ಟುಕೊಂಡ ಒಬ್ಬ ಬನಿಯನ್ ತಯಾರಕರು ಮೊದಲೇ ಕೂತಿದ್ದರು.

ತಂಡದವರು ಹೆಚ್ಚಾಗಿ ತಿಳಿಯದೆ ಇರುವುದು ಈ ವರ್ಗಗಳ ಲೆಕ್ಕವನ್ನೇ. ಸರಕು-ಸೇವೆ ಎಲ್ಲ ಸೇರಿ 45 ವರ್ಗ. ಆಟ, ಮನರಂಜನೆ 41ರಲ್ಲಿ ಬರುತ್ತವೆ. ನಮ್ಮದು ಆಟ ತಾನೇ ಎಂದು 41 ಒಂದನ್ನೇ ತೆಗೆದುಕೊಂಡು ಸುಮ್ಮನಾಗುವವರು ಜಾಸ್ತಿ. ಆದರೆ ನಕಲು ಆಗುವುದು ಆಟವಲ್ಲ, ಅಂಗಿ. ಅದು 25. ಚೆಂಡು, ಆಟಿಕೆ 28. ಪೋಸ್ಟರ್, ಸ್ಟಿಕ್ಕರ್ 16. ಚಹಾ ಕಪ್, ಬಾಟಲಿ 21. ಒಂದೊಂದು ವರ್ಗಕ್ಕೂ ಬೇರೆ ಶುಲ್ಕ. ಆನ್‌ಲೈನ್ ಅರ್ಜಿಗೆ ಕಂಪನಿಯಾದರೆ 9,000 ರೂಪಾಯಿ, ಒಬ್ಬ ವ್ಯಕ್ತಿಯೋ ಸ್ಟಾರ್ಟಪ್ಪೋ ಸಣ್ಣ ಉದ್ಯಮವೋ ಆದರೆ 4,500. ತಂಡದ ಕಂಪನಿಗೆ ಸಣ್ಣ ಉದ್ಯಮ ಎಂದು ತೋರಿಸುವ ಸರ್ಕಾರಿ ಉದ್ಯಮ್ ಸರ್ಟಿಫಿಕೇಟ್ ಮಾಡಿಸಿದ್ದರಿಂದ ಅರ್ಧ ದುಡ್ಡು ಉಳಿಯಿತು. ನಾವು 41, 25, 16 ತೆಗೆದುಕೊಂಡೆವು. ಪದ, ಲೋಗೋ ಎರಡಕ್ಕೂ. ಉಳಿದದ್ದು ಆಮೇಲೆ ಎಂದೆ. ಮಾರದ ಸರಕಿಗೆ ನೋಂದಣಿ ಮಾಡಿಸಿ ಪ್ರಯೋಜನವಿಲ್ಲ. ನೋಂದಣಿಯಾಗಿ 5 ವರ್ಷ ಬಳಸದೆ ಬಿಟ್ಟರೆ ತೆಗೆದುಹಾಕಿ ಎಂದು ಬೇರೆಯವರು ಕೇಳಬಹುದು.

ಮಹಾರಾಷ್ಟ್ರ, ಗೋವಾದವರ ಅರ್ಜಿ ಮುಂಬೈ ಕಚೇರಿಗೆ. ಕರ್ನಾಟಕದ ತಂಡವಾಗಿದ್ದರೆ ಚೆನ್ನೈಗೆ. ಎಲ್ಲ ಆನ್‌ಲೈನ್ ಆದ ಮೇಲೆ ಆಂಟಾಪ್ ಹಿಲ್‌ನ ಕಚೇರಿಗೆ ಹೋಗುವುದೇ ಅಪರೂಪ. ವಿಚಾರಣೆಯೂ ವಿಡಿಯೋದಲ್ಲಿ. ಅರ್ಜಿಯಲ್ಲಿ ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಎಂದು ಕೇಳುತ್ತಾರೆ. ತಂಡ ಹೊಸದು, ಇನ್ನೂ ಅಂಗಣಕ್ಕೆ ಇಳಿದಿರಲಿಲ್ಲ. ಹಾಗಾಗಿ 'ಮುಂದೆ ಬಳಸಲಿದ್ದೇವೆ' ಎಂದೇ ಹಾಕಿದೆ. ಹಳೆಯ ತಾರೀಕು ಹಾಕಿ ಎಂದು ಮ್ಯಾನೇಜರ್ ಒತ್ತಾಯ ಮಾಡಿದ. ಅದಕ್ಕೆ ಅಫಿಡವಿಟ್, ಬಿಲ್ಲು, ಪೋಸ್ಟರ್ ಎಲ್ಲ ಪುರಾವೆ ಬೇಕು. ಇಲ್ಲದ್ದನ್ನು ತರುವುದೆಲ್ಲಿಂದ?

ಕೆಲವು ತಿಂಗಳಾದ ಮೇಲೆ ವೆಬ್‌ಸೈಟಿನಲ್ಲಿ 'ಆಬ್ಜೆಕ್ಟೆಡ್' ಎಂದು ಬಂತು. ಧಣಿಗಳು ರಾತ್ರಿ ಫೋನ್ ಮಾಡಿ, "ಎಂತ ಮಾರಾಯ್ರೆ, ಕೈ ಬಿಟ್ತಾ?" ಅಂದರು. ಅದು ಪರೀಕ್ಷಕರು ಎತ್ತಿದ ಪ್ರಶ್ನೆ ಅಷ್ಟೇ. ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಹೊರಗಿನವರು ಅಡ್ಡ ಬಂದರೆ 'ಅಪೋಸ್ಡ್' ಎಂದು ಬರುತ್ತದೆ, ಅದು ನಿಜವಾದ ಜಗಳ. 41ಕ್ಕೆ ಬಂದ ಪ್ರಶ್ನೆ ಊರಿನ ಹೆಸರಿನ ಬಗ್ಗೆ. ಜೋಡಿಯಾಗಿ ನೋಡಿದರೆ ಇದು ಊರನ್ನು ವರ್ಣಿಸುವ ಮಾತಲ್ಲ, ತಂಡದ ಗುರುತು ಎಂದು ಬರೆದೆ. ಒಪ್ಪಿದರು. 25ರಲ್ಲಿ ಬನಿಯನ್‌ನವರ ನೋಂದಣಿ ಎದುರಿಗೆ ನಿಂತಿತು. ವಾದ ಮಾಡುವ ಬದಲು ಅವರ ಜೊತೆ ಮಾತಾಡಿದೆ. ನಾವು ಒಳ ಉಡುಪು ಮಾಡುವುದಿಲ್ಲ, ಬರೀ ಕ್ರೀಡಾ ಜೆರ್ಸಿ, ಟ್ರ್ಯಾಕ್ ಪ್ಯಾಂಟ್, ಟೋಪಿ ಎಂದು ಪಟ್ಟಿ ಕಿರಿದು ಮಾಡಿ ಕೊಟ್ಟೆವು. ಅವರು ಒಪ್ಪಿಗೆ ಪತ್ರ ಕೊಟ್ಟರು. ಮೊದಲಿನವರು ಒಪ್ಪಿದರೆ ನೋಂದಣಿ ಮಾಡಲು 11ನೇ ಕಲಮಿನಲ್ಲಿ ದಾರಿ ಇದೆ. ಅವರ ಅಳಿಯ ಕಬಡ್ಡಿ ಹುಚ್ಚಿನವ ಎಂಬುದೂ ಸಹಾಯಕ್ಕೆ ಬಂತು ಅನ್ನಿ.

ಆಮೇಲೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಣೆ. ಯಾರಿಗಾದರೂ ವಿರೋಧವಿದ್ದರೆ 4 ತಿಂಗಳೊಳಗೆ ಹೇಳಬೇಕು. ಯಾರೂ ಬರಲಿಲ್ಲ. ಸರ್ಟಿಫಿಕೇಟ್ ಬರುವ ತನಕ ಹೆಸರಿನ ಪಕ್ಕ 'ಟಿಎಂ' ಮಾತ್ರ ಹಾಕಿಸಿದೆ. ವೃತ್ತದೊಳಗಿನ ಆರ್ ಚಿಹ್ನೆಯನ್ನು ನೋಂದಣಿಗೆ ಮೊದಲೇ ಹಾಕುವುದು ತಪ್ಪು, 107ನೇ ಕಲಮಿನಲ್ಲಿ ದಂಡ ಇದೆ. 2024ರ ತನಕ ಜೈಲು ಶಿಕ್ಷೆಯೂ ಇತ್ತು. ಪ್ರಿಂಟರ್‌ನವರು ಚಂದ ಕಾಣುತ್ತದೆ ಎಂದು ತಾವಾಗಿಯೇ ಸೇರಿಸಿಬಿಡುತ್ತಾರೆ, ನೋಡಿಕೊಳ್ಳಬೇಕು. ನೋಂದಣಿ ಅರ್ಜಿಯ ತಾರೀಕಿನಿಂದ 10 ವರ್ಷ ನಡೆಯುತ್ತದೆ. ಆಮೇಲೆ ನವೀಕರಣ.

ಈಗ ಕಾಯುವ ಕೆಲಸ. ಜರ್ನಲ್ ಸೋಮವಾರ ಸೋಮವಾರ ಬರುತ್ತದೆ. ಮಧ್ಯಾಹ್ನ ಊಟಕ್ಕೆ ಮುಂಚೆ 25 ಮತ್ತು 41ರ ಪುಟಗಳನ್ನು ತಿರುವಿ ಹಾಕುತ್ತೇನೆ. ಇದಕ್ಕೆ ಸಾಫ್ಟ್‌ವೇರ್ ಇದೆ, ಆದರೆ ಲೋಗೋ ಹೋಲಿಕೆಯಲ್ಲಿ ನನಗೆ ಕಣ್ಣಿನ ಮೇಲೇ ನಂಬಿಕೆ.

ಬೀದಿಯ ಕಥೆ ಬೇರೆ. ಪಂದ್ಯದ ದಿನ ವಾಂಖೆಡೆ ಸುತ್ತ, ಚರ್ಚ್‌ಗೇಟ್ ಸ್ಟೇಷನ್ ಹೊರಗೆ ನಕಲಿ ಜೆರ್ಸಿ ಮಾರುವವರನ್ನು ಮುಂಬೈಯವರು ಎಲ್ಲರೂ ನೋಡಿದ್ದಾರೆ. ನಮ್ಮ ತಂಡ ಎರಡನೇ ಸೀಸನ್‌ನಲ್ಲಿ ಗೆಲ್ಲತೊಡಗಿದಾಗ ನಮ್ಮ ಪಂದ್ಯದ ಹೊರಗೂ ಮಾರಾಟ ಶುರುವಾಯಿತು. ಧಣಿಗಳಿಗೆ ಸಿಟ್ಟು, ನನಗೆ ಒಳಗೊಳಗೇ ಖುಷಿ. ಯಾರೂ ಸೋಲುವ ತಂಡದ ನಕಲಿ ಹೊಲಿಸುವುದಿಲ್ಲ. ಅಭಿಮಾನಿ ಇದು ನಕಲಿ ಎಂದು ಗೊತ್ತಿದ್ದೇ ಕೊಳ್ಳುತ್ತಾನಲ್ಲ, ಮೋಸ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಮೈದಾನದ ಹೊರಗೆ ಸ್ಕಾರ್ಫ್ ಮಾರುತ್ತಿದ್ದ ಮ್ಯಾಥ್ಯೂ ರೀಡ್ ಇದೇ ವಾದ ಮಾಡಿದ್ದ. ಇದು ಅಧಿಕೃತ ಅಲ್ಲ ಎಂದು ಬೋರ್ಡನ್ನೂ ಹಾಕಿದ್ದ. ಯುರೋಪಿನ ನ್ಯಾಯಾಲಯ 2002ರಲ್ಲಿ, ಲಂಡನ್ನಿನ ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಕ್ಲಬ್ಬಿನ ಪರವೇ ನಿಂತವು.

ಹಾಗಂತ ಕೈಗಾಡಿಯವನ ಮೇಲೆ ಬೀಳುವುದು ನನಗೆ ಸರಿ ಕಾಣುವುದಿಲ್ಲ. ಅವನು ನಾಳೆ ಛತ್ರಿ ಮಾರುತ್ತಾನೆ. ಎರಡು ಜೆರ್ಸಿ ಕೊಂಡು, ಹೊಲಿಗೆ, ಪ್ರಿಂಟ್ ನೋಡಿ, ಕೇಳುತ್ತಾ ಹೋಗಿ ಅಚ್ಚು ಹಾಕುವವನನ್ನು ಹುಡುಕಿಸಿದೆ. ಒಂದು ಗಾಳಾದಲ್ಲಿ, ಅಂದರೆ ಕೈಗಾರಿಕಾ ಕಟ್ಟಡದ ಒಂದು ಮಳಿಗೆಯಲ್ಲಿ, ನಡೆಯುತ್ತಿದ್ದ ಸಣ್ಣ ಪ್ರಿಂಟಿಂಗ್ ಘಟಕ. ಸರ್ಟಿಫಿಕೇಟ್ ಪ್ರತಿ ಇಟ್ಟು, ಮರಾಠಿಯಲ್ಲಿ ನೋಟಿಸ್ ಕಳಿಸಿದೆ. ಇಂಗ್ಲಿಷ್ ನೋಟಿಸ್ ವಕೀಲರ ಕೈಗೆ ಹೋಗುತ್ತದೆ, ಮರಾಠಿ ನೋಟಿಸ್ ಮಾಲೀಕರೇ ಓದುತ್ತಾರೆ. ಅವರು ನಿಲ್ಲಿಸಿದರು, ಸ್ಕ್ರೀನ್‌ಗಳನ್ನು ಒಪ್ಪಿಸಿದರು. ಈಗ ಅವರೇ ನಮಗೆ ಲೈಸೆನ್ಸ್ ಮೇಲೆ ಕಡಿಮೆ ಬೆಲೆಯ ಜೆರ್ಸಿ ಅಚ್ಚು ಹಾಕಿಕೊಡುತ್ತಾರೆ. ಒಪ್ಪದಿದ್ದರೆ ಬಾಂಬೆ ಹೈಕೋರ್ಟಿಗೆ ಹೋಗಿ, ಕೋರ್ಟ್ ರಿಸೀವರ್ ಎಂಬ ಕೋರ್ಟಿನ ಅಧಿಕಾರಿಯ ಮೂಲಕ ಮಾಲು ಜಪ್ತಿ ಮಾಡಿಸುವ ದಾರಿ ಇತ್ತು. ಪೊಲೀಸರ ದಾರಿಯೂ ಇದೆ. ಆದರೆ ಜಪ್ತಿಗೆ ಮುಂಚೆ ಪೊಲೀಸರು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ತೆಗೆದುಕೊಳ್ಳಬೇಕು. ಅಷ್ಟರಲ್ಲಿ ಸೀಸನ್ ಮುಗಿದಿರುತ್ತದೆ.

ತಮಾಷೆಯ ಮೇಲೆ ಕೇಸು ಬೇಡ ಎಂದೂ ಧಣಿಗಳಿಗೆ ಹೇಳಿದ್ದೇನೆ. ಎದುರಾಳಿ ತಂಡದ ಹುಡುಗರು ನಮ್ಮ ಹೆಸರನ್ನು ತಿರುಚಿ ರೀಲ್ ಮಾಡಿದಾಗ ಅವರು ಕೇಸು ಹಾಕಲು ಹೊರಟಿದ್ದರು. ಉಬರ್ ಜಾಹೀರಾತಿನಲ್ಲಿ ಕ್ರಿಕೆಟಿಗ ಟ್ರಾವಿಸ್ ಹೆಡ್ 'ರಾಯಲಿ ಚಾಲೆಂಜ್ಡ್ ಬೆಂಗಳೂರು' ಎಂದು ಬರೆದದ್ದಕ್ಕೆ ಆರ್‌ಸಿಬಿ ದೆಹಲಿ ಹೈಕೋರ್ಟಿಗೆ ಹೋದದ್ದು ನೆನಪಿರಬಹುದು. 2025ರ ಮೇ ತಿಂಗಳಲ್ಲಿ ಕೋರ್ಟ್ ಮಧ್ಯಂತರ ತಡೆ ಕೊಡಲಿಲ್ಲ. ಅಷ್ಟು ಗಟ್ಟಿ ಹೆಸರಿನವರಿಗೇ ಹೀಗಾದರೆ, ಊರು ಮತ್ತು ಪ್ರಾಣಿ ಇಟ್ಟುಕೊಂಡ ನಮ್ಮ ಪಾಡು? ಧಣಿಗಳು ಸ್ವಲ್ಪ ಹೊತ್ತು ಯೋಚಿಸಿ, ಆ ರೀಲಿಗೆ ಉತ್ತರವಾಗಿ ಇನ್ನೊಂದು ರೀಲ್ ಮಾಡಿಸಿದರು.

ಅಭಿಮಾನಿ ಬಳಗಗಳಿಗೆ ಒಂದು ಪುಟದ ಅನುಮತಿ ಪತ್ರ ಮಾಡಿಟ್ಟಿದ್ದೇನೆ. ಬ್ಯಾನರ್, ವಾಟ್ಸಾಪ್ ಚಿತ್ರ, ಗಣಪತಿ ಹಬ್ಬದ ಪೋಸ್ಟರ್ ಎಲ್ಲಕ್ಕೂ ಲೋಗೋ ಬಳಸಬಹುದು, ಮಾರುವಂತಿಲ್ಲ. ಲಿಖಿತವಾಗಿ ಕೊಟ್ಟರೆ ನಾಳೆ ಯಾರಾದರೂ "ಎಲ್ಲರೂ ಬಳಸುತ್ತಿದ್ದಾರೆ, ನಾವೂ ಬಳಸಿದೆವು" ಎಂದರೆ ಉತ್ತರ ಇರುತ್ತದೆ. ಕಳೆದ ವಾರ ಮಕ್ಕಳ ಆಟಿಕೆ ಮಾಡುವವರೊಬ್ಬರು ತಂಡದ ಬೊಂಬೆ ಮಾಡಲು ಕೇಳಿಕೊಂಡು ಬಂದಿದ್ದಾರೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು 28ನೇ ವರ್ಗದ ಅರ್ಜಿ ಹಾಕಬೇಕು. ಉದ್ಯಮ್ ಸರ್ಟಿಫಿಕೇಟಿನ ಹೊಸ ಪ್ರತಿ ಕಳಿಸಿ ಎಂದು ಮ್ಯಾನೇಜರ್‌ಗೆ ಹೇಳಿದ್ದೇನೆ.